ಅಳಿಸಿ ಬರೆದ 100: ವಿಜ್ಞಾನ ತರಗತಿಯ ಊಹೆ ಉತ್ತರಗಳಿಗೊಂದು ದೋಷ ನಿವಾರಣೆ ಕೈಪಿಡಿ

ಲಕ್ಷಣ

ಮಡಿಕೇರಿಯ ಆಸುಪಾಸಿನ ಒಂದು ಪ್ರೌಢಶಾಲೆ, ಒಂಬತ್ತನೇ ತರಗತಿ, ಜುಲೈ ತಿಂಗಳ ಮಳೆ. ಸ್ಪಿರಿಟ್ ದೀಪದ ಮೇಲೆ ಬೀಕರಿನಲ್ಲಿ ನೀರು ಕುದಿಯುತ್ತಿತ್ತು. ಸ್ಟ್ಯಾಂಡಿಗೆ ದಾರದಿಂದ ಕಟ್ಟಿದ ಥರ್ಮಾಮೀಟರಿನ ಪಾದರಸ 96ಕ್ಕೆ ಬಂದು ನಿಂತಿತು. ಐದು ನಿಮಿಷ ಕಾದರೂ ಮೇಲೇರಲಿಲ್ಲ. ಆರು ಗುಂಪುಗಳ ಮಕ್ಕಳು ಸರದಿಯಂತೆ ಬಂದು, ಹೇಳಿಕೊಟ್ಟ ಹಾಗೆ ಕಣ್ಣನ್ನು ಪಾದರಸದ ನೇರಕ್ಕೆ ತಂದು ಓದಿಕೊಂಡು ಹೋದರು. ಸಂಜೆ ಪ್ರಯೋಗದ ಪುಸ್ತಕ ತಿದ್ದಲು ಕುಳಿತರೆ ಆರರಲ್ಲೂ 100 ಡಿಗ್ರಿ ಸೆಲ್ಸಿಯಸ್. ಒಂದು ಪುಸ್ತಕದಲ್ಲಿ ಮಾತ್ರ ಆ 100ರ ಜಾಗದಲ್ಲಿ ಕಾಗದ ಸವೆದು ತೆಳ್ಳಗಾಗಿತ್ತು. ಬಲ್ಬಿಗೆ ಅಡ್ಡ ಹಿಡಿದು ನೋಡಿದೆ. ರಬ್ಬರಿನಲ್ಲಿ ಉಜ್ಜಿ ಅಳಿಸಿದ 96 ಅಲ್ಲಿತ್ತು.

ನೀರು 100 ಡಿಗ್ರಿಗೆ ಕುದಿಯುವುದು ಸಮುದ್ರ ಮಟ್ಟದಲ್ಲಿ. ಮಡಿಕೇರಿ ಇರುವುದು 1,100 ಮೀಟರಿಗೂ ಮೇಲೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಕಡಿಮೆ ಬಿಸಿಗೇ ಕುದಿಗೆ ಬರುತ್ತದೆ. ಸುಮಾರು 300 ಮೀಟರು ಏರಿದರೆ ಒಂದು ಡಿಗ್ರಿ ಇಳಿತ ಎಂದು ಹಿಡಿದರೆ ಲೆಕ್ಕಕ್ಕೆ ಸಾಕು. ಅಂದರೆ 96 ಸರಿಯಾದ ಓದು. ಆರು ಗುಂಪುಗಳೂ ಸರಿಯಾಗಿ ಓದಿ ತಪ್ಪಾಗಿ ಬರೆದಿದ್ದವು. ಆ ಹುಡುಗನಂತೂ ಕಣ್ಣಾರೆ ಕಂಡದ್ದನ್ನು ಅಳಿಸಿ, ಮೇಷ್ಟ್ರಿಗೆ ಬೇಕಾದ ಉತ್ತರ ಇದಿರಬೇಕು ಎಂದು ಊಹಿಸಿದ್ದನ್ನು ಬರೆದಿದ್ದ.

ಊಹಿಸುವುದರ ಮೇಲೆ ನನಗೆ ಸಿಟ್ಟಿಲ್ಲ. ಮೋಡ ನೋಡಿ ಕಣದ ಕಾಫಿಗೆ ಟಾರ್ಪಾಲು ಎಳೆಯುವ ಬೆಳೆಗಾರನೂ ಊಹಿಸುವವನೇ. ಆದರೆ ಅವನು ಬೆಳಿಗ್ಗೆ ಎದ್ದು ಟಾರ್ಪಾಲಿನ ಮೇಲೆ ನೀರು ನಿಂತಿದೆಯೇ ಎಂದು ನೋಡುತ್ತಾನೆ. ತರಗತಿಯ ಊಹೆ ಹಾಗೆ ಬೆಳಗಾಗಲು ಕಾಯುವುದಿಲ್ಲ. ಹೇಳಿದ ಕ್ಷಣದಲ್ಲೇ ಮೇಷ್ಟ್ರು "ಸರಿ" ಅಥವಾ "ತಪ್ಪು" ಎಂದುಬಿಡುತ್ತಾರೆ, ಅಲ್ಲಿಗೆ ಮುಗಿಯಿತು. ಅಳೆದು ನೋಡುವ ಮೊದಲಿನ ಊಹೆ ವಿಜ್ಞಾನಕ್ಕೆ ಬೇಕು. ಅಳತೆಯನ್ನೇ ತಳ್ಳಿ ಅದರ ಜಾಗದಲ್ಲಿ ಕೂರುವ ಊಹೆಯನ್ನು ನಾನು ದೋಷ ಎನ್ನುತ್ತಿದ್ದೇನೆ.

ಪತ್ತೆ ಹಚ್ಚುವ ಕ್ರಮವನ್ನು ತೋಟದ ಪಂಪ್‌ಸೆಟ್ ಮೆಕ್ಯಾನಿಕ್‌ನಿಂದ ಎರವಲು ಪಡೆದಿದ್ದೇನೆ. ನೀರು ಬರುತ್ತಿಲ್ಲ ಎಂದು ಕರೆದರೆ ಅವನು ಮೊದಲು ಫ್ಯೂಸ್ ನೋಡುತ್ತಾನೆ, ಆಮೇಲೆ ಕೆರೆಗೆ ಇಳಿದು ಫುಟ್‌ವಾಲ್ವಿನಲ್ಲಿ ಎಲೆ ಸಿಕ್ಕಿಕೊಂಡಿದೆಯೇ ಎಂದು ಕೈಯಾಡಿಸುತ್ತಾನೆ. ಮೋಟಾರು ಬಿಚ್ಚುವುದು ಕಟ್ಟಕಡೆಗೆ. ನಾವು ಮೇಷ್ಟ್ರುಗಳು ನೇರವಾಗಿ ಮೋಟಾರಿಗೇ ಸ್ಪ್ಯಾನರ್ ಹಾಕುತ್ತೇವೆ: "ಇವನ ತಲೆಗೆ ಹತ್ತಿಲ್ಲ, ಪಾಠ ಮತ್ತೊಮ್ಮೆ ಮಾಡೋಣ."

ಮೊದಲು ಪ್ರಶ್ನೆಯನ್ನೇ ಬಿಚ್ಚಿ ನೋಡಿ

ನನ್ನ ಅನುಭವದಲ್ಲಿ ಅರ್ಧಕ್ಕರ್ಧ ದೋಷ ಇಲ್ಲೇ ಸಿಗುತ್ತದೆ. "ಕಾಫಿ ಹಣ್ಣಿನಲ್ಲಿ ಎಷ್ಟು ಬೀಜಗಳಿರುತ್ತವೆ?" ಎಂದು ಕೇಳಿದೆ. ಎರಡು ಎಂದು ತರಗತಿ ಕೂಗಿತು. ಲೈನ್ ಮನೆಯಿಂದ, ಅಂದರೆ ತೋಟದ ಕೂಲಿಗಳ ಸಾಲುಮನೆಯಿಂದ ಬರುವ ಒಬ್ಬ ಹುಡುಗಿ ಮಾತ್ರ ತಡವರಿಸಿ "ಒಂದು... ಎರಡು ಸರ್" ಎಂದಳು. ಊಹಿಸುತ್ತಿದ್ದಾಳೆ ಎಂದುಕೊಂಡೆ. ಕೊಯ್ಲಿನ ರಜೆಯಲ್ಲಿ ಅಮ್ಮನ ಜೊತೆ ಕಾಫಿ ಬಿಡಿಸುವವಳು ಅವಳು. ಹಣ್ಣಿನೊಳಗೆ ಒಂದೇ ದುಂಡು ಬೀಜ ಇರುವುದೂ ಉಂಟು, ಅದನ್ನೇ ಪೀಬೆರಿ ಎಂದು ಬೇರೆ ಮಾಡಿ ಮಾರುತ್ತಾರೆ. ಇಡೀ ತರಗತಿಯಲ್ಲಿ ಊಹಿಸದೆ ಇದ್ದವಳು ಅವಳೊಬ್ಬಳೇ. ನನ್ನ ಪ್ರಶ್ನೆಯಲ್ಲಿ "ಸಾಮಾನ್ಯವಾಗಿ" ಎಂಬ ಒಂದು ಪದ ಬಿಟ್ಟುಹೋಗಿತ್ತು.

ಕರಿಮೆಣಸಿನದೂ ಇದೇ ಕಥೆ. "ಮೆಣಸು ಬೀಜವೋ ಹಣ್ಣೋ?" ಎಂದು ಕೇಳಿ, ಮಕ್ಕಳು ಬೀಜ ಎಂದಾಗ ಗೆದ್ದವರಂತೆ "ಹಣ್ಣು!" ಎನ್ನುವ ಮೇಷ್ಟ್ರುಗಳಲ್ಲಿ ನಾನೂ ಒಬ್ಬನಾಗಿದ್ದೆ. ಸಸ್ಯಶಾಸ್ತ್ರಕ್ಕೆ ಅದು ಇಡಿಯ ಹಣ್ಣೇ ನಿಜ. ಆದರೆ ಕನ್ನಡದಲ್ಲಿ ನಾವೇ ಅದಕ್ಕೆ ಕಾಳುಮೆಣಸು ಎಂದು ಹೆಸರಿಟ್ಟು, ಮಗು ಆ ಹೆಸರನ್ನು ನಂಬಿದ್ದಕ್ಕೆ ನಗುವುದೇ? ಅಲ್ಲಿ ಪರೀಕ್ಷೆಯಾದದ್ದು ಹೂವಿನ ಅಂಡಾಶಯ ಹಣ್ಣಾಗುವ ವಿಚಾರವಲ್ಲ, ಪದದ ಎರಡು ಬಳಕೆಗಳ ನಡುವಿನ ಗುಂಡಿ.

ಇನ್ನೊಂದು ಸಲ ಕೊಡವರ ಆಯುಧದ ಹಬ್ಬವಾದ ಕೈಲ್ ಮುಹೂರ್ತ ಮುಗಿದ ಮರುವಾರ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ಸುದ್ದಿ ಮಕ್ಕಳ ಬಾಯಲ್ಲಿ ಇನ್ನೂ ಬಿಸಿಯಾಗಿದ್ದಾಗ, ಹಳೆಯ ಜಾಣ್ಮೆಯ ಪ್ರಶ್ನೆಯನ್ನು ಹಾಕಿದೆ. ಸಮತಟ್ಟು ಮೈದಾನದಲ್ಲಿ ಕೋವಿಯಿಂದ ಗುಂಡು ಹಾರಿಸುವ ಹೊತ್ತಿಗೇ ಅಷ್ಟೇ ಎತ್ತರದಿಂದ ಇನ್ನೊಂದು ಗುಂಡನ್ನು ಕೈಬಿಟ್ಟರೆ, ಮೊದಲು ನೆಲ ಮುಟ್ಟುವುದು ಯಾವುದು? ಗಾಳಿಯ ತಡೆ ಬಿಟ್ಟರೆ ಎರಡೂ ಒಟ್ಟಿಗೇ. ಹಿಂದಿನ ಬೆಂಚಿನ ಹುಡುಗ "ಕೈಬಿಟ್ಟದ್ದೇ ಮೊದಲು" ಎಂದ. ತಪ್ಪು ಎನ್ನುವಷ್ಟರಲ್ಲಿ ಅವನೇ ಮುಂದುವರಿಸಿದ: "ಗುರಿ ಹಿಡಿದಾಗ ಕೋವಿಯ ಮೂತಿ ಸ್ವಲ್ಪ ಮೇಲೆ ಇರುತ್ತದಲ್ಲ ಸರ್." ಅವನ ಮನೆಯಲ್ಲಿ ಕೋವಿ ಇದೆ, ನನ್ನ ಮನೆಯಲ್ಲಿಲ್ಲ. ನಳಿಗೆ ನೆಲಕ್ಕೆ ಸಮಾನಾಂತರವಾಗಿದೆ ಎಂದು ನಾನು ಹೇಳಬೇಕಿತ್ತು.

ಆದ್ದರಿಂದ ಮೊದಲ ತಪಾಸಣೆ ಇಷ್ಟು: ವಿಷಯ ಚೆನ್ನಾಗಿ ಗೊತ್ತಿರುವ ಮಗುವೂ ಈ ಪ್ರಶ್ನೆಯಲ್ಲಿ ಬೀಳುತ್ತದೆಯೇ? ಬೀಳುತ್ತದೆ ಎಂದಾದರೆ ಪ್ರಶ್ನೆಯನ್ನು ತಿದ್ದಿ. ಮುಂದಿನ ತಪಾಸಣೆಗಳು ಬೇಕಾಗುವುದಿಲ್ಲ.

ಊಹೆಯೋ, ತಪ್ಪು ತಿಳಿವಳಿಕೆಯೋ

ಎರಡೂ ಹೊರಗಿನಿಂದ ಒಂದೇ ತರಹ ಕಾಣುತ್ತವೆ, ಮದ್ದು ಮಾತ್ರ ಬೇರೆ ಬೇರೆ. ಬೇರ್ಪಡಿಸುವ ಉಪಾಯ ಸುಲಭ. ಅದೇ ಪ್ರಶ್ನೆಯನ್ನು ವೇಷ ಬದಲಿಸಿ ಮೂರು ದಿನಗಳಲ್ಲಿ ಮೂರು ಸಲ ಕೇಳಿ. ಊಹೆಯಾದರೆ ಉತ್ತರ ದಿನಕ್ಕೊಂದು ಬರುತ್ತದೆ. ತಪ್ಪು ತಿಳಿವಳಿಕೆಯಾದರೆ ಮೂರು ಸಲವೂ ಅದೇ ತಪ್ಪು, ಅದೇ ಧೈರ್ಯದಿಂದ.

ಸಿಲ್ವರ್ ಓಕ್ ಪ್ರಶ್ನೆ ಇದಕ್ಕೆ ಒಳ್ಳೆಯ ಉದಾಹರಣೆ. ಬೆರಳುದ್ದದ ಸಸಿ ನೆಟ್ಟೆವು, ಇಪ್ಪತ್ತು ವರ್ಷಕ್ಕೆ ಲಾರಿ ತುಂಬುವಷ್ಟು ನಾಟಾ ಆಯಿತು. ಆ ತೂಕ ಬಂದದ್ದು ಎಲ್ಲಿಂದ? "ಮಣ್ಣಿನಿಂದ" ಎನ್ನುತ್ತಾರೆ ಮಕ್ಕಳು. ಗೊಬ್ಬರದ ಮಾತು ತೆಗೆದು ಕೇಳಿದರೂ ಮಣ್ಣು, ಚಿತ್ರ ಬರೆಯಿಸಿದರೂ ಬೇರಿನಿಂದ ಮೇಲಕ್ಕೆ ಬಾಣದ ಗುರುತು. ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ತಪ್ಪಿಲ್ಲದೆ ಬರೆಯುವವರೂ ಹೀಗೇ ಹೇಳುತ್ತಾರೆ. ಇದು ಊಹೆಯಲ್ಲ, ಯೋಚಿಸಿಯೇ ಹೇಳಿದ ತಪ್ಪು. ಮಣ್ಣಿಗೆ ಗೊಬ್ಬರ ಹಾಕಿದರೆ ಮರ ಬೆಳೆಯುವುದನ್ನು ಅವರು ದಿನಾ ನೋಡುತ್ತಾರೆ.

ಇಲ್ಲಿ ಬೈಗುಳ ಕೆಲಸ ಮಾಡುವುದಿಲ್ಲ, ತಕ್ಕಡಿ ಬೇಕು. ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿಯ ಪ್ರಯೋಗವನ್ನು ನಾನು ಹೇಳುವುದು ಆಗಲೇ. 200 ಪೌಂಡು, ಅಂದರೆ ಸುಮಾರು 90 ಕಿಲೋ ಒಣ ಮಣ್ಣಿನಲ್ಲಿ 5 ಪೌಂಡಿನ ವಿಲೋ ಗಿಡ ನೆಟ್ಟು ಐದು ವರ್ಷ ನೀರು ಹಾಕಿದ. ಗಿಡ 169 ಪೌಂಡು ದಾಟಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾದದ್ದು ಎರಡು ಔನ್ಸ್, ಐವತ್ತು ಗ್ರಾಮಿನ ಆಸುಪಾಸು. ಮಣ್ಣಿನ ಉತ್ತರ ಅಲ್ಲಿಗೆ ಬಿದ್ದುಹೋಗುತ್ತದೆ. ಆಮೇಲಿನ ಭಾಗ ಮಕ್ಕಳಿಗೆ ಇನ್ನೂ ಇಷ್ಟ: ಮರವೆಲ್ಲ ನೀರಿನಿಂದಲೇ ಆದದ್ದು ಎಂದು ಹೆಲ್ಮಾಂಟ್ ತೀರ್ಮಾನಿಸಿದ. ಅವನ ಬರಹ 1648ರಲ್ಲಿ, ಅವನು ತೀರಿಕೊಂಡ ಮೇಲೆ ಅಚ್ಚಾಯಿತು. ಮರದ ಒಣ ತೂಕದ ಬಹುಪಾಲು ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಬರುತ್ತದೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಅಷ್ಟು ಜತನದಿಂದ ತೂಗಿದವನೂ ಎಡವಿದ ಎಂದಾಗ, "ಮಣ್ಣು" ಎಂದವರ ಮುಖ ಸ್ವಲ್ಪ ತಿಳಿಯಾಗುತ್ತದೆ.

ಊಹೆಯ ಬದಲು ಬಾಯಿಪಾಠವೂ ಸಿಗಬಹುದು. ಒಂದು ಕಿಲೋ ಹತ್ತಿ ಹೆಚ್ಚು ಭಾರವೋ, ಒಂದು ಕಿಲೋ ಕಬ್ಬಿಣವೋ? ಈಗ ಐದನೇ ತರಗತಿಯ ಮಗುವೂ "ಎರಡೂ ಒಂದೇ ಸರ್" ಎಂದು ನಗುತ್ತದೆ. ಒಮ್ಮೆ ಅದೇ ಉಸಿರಿನಲ್ಲಿ "ಒಂದು ಕಿಲೋ ಹತ್ತಿ, ಒಂದೂಕಾಲು ಕಿಲೋ ಕಬ್ಬಿಣ?" ಎಂದು ಕೇಳಿದೆ. "ಎರಡೂ ಒಂದೇ ಸರ್!" ಎಂದು ಮುಕ್ಕಾಲು ತರಗತಿ. ಬಲೆ ಎಲ್ಲಿದೆ ಎಂದು ಕಲಿತಿದ್ದರು, ತೂಕ ಏನೆಂದು ಕಲಿತಿರಲಿಲ್ಲ. (ತೀರಾ ತಕರಾರು ತೆಗೆಯುವವರಿಗೆ: ಗಾಳಿಯೂ ವಸ್ತುಗಳನ್ನು ತುಸು ಮೇಲಕ್ಕೆತ್ತುತ್ತದೆ. ಒಂದು ಲೀಟರ್ ಗಾಳಿಯ ತೂಕ ಒಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚು. ದ್ರವ್ಯರಾಶಿ ಸಮನಾಗಿದ್ದರೂ ಹೆಚ್ಚು ಜಾಗ ಹಿಡಿದ ಹತ್ತಿ ತಕ್ಕಡಿಯಲ್ಲಿ ತುಸುವೇ ಹಗುರ ಕಾಣುತ್ತದೆ. ಜಾಣ ಪ್ರಶ್ನೆ ಕೇಳುವವರ ಕಾಲ ಕೆಳಗೂ ಇನ್ನೊಂದು ಬಲೆ ಇದ್ದೇ ಇರುತ್ತದೆ.)

ಅರ್ಥವಿಲ್ಲದ ಪ್ರಶ್ನೆಯ ತಪಾಸಣೆ

ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1980ರ ಸುಮಾರಿಗೆ ಸಣ್ಣ ತರಗತಿಗಳ 97 ಮಕ್ಕಳಿಗೆ ಒಂದು ಲೆಕ್ಕ ಕೊಟ್ಟರು. ಹಡಗಿನಲ್ಲಿ 26 ಕುರಿಗಳು, 10 ಮೇಕೆಗಳಿವೆ, ಕಪ್ತಾನನ ವಯಸ್ಸೆಷ್ಟು? 76 ಮಕ್ಕಳು ಕೊಟ್ಟ ಸಂಖ್ಯೆಗಳನ್ನೇ ಬಳಸಿ ಉತ್ತರ ತಂದರು. ನಾನು ಇದನ್ನು ನಮ್ಮೂರಿಗೆ ಇಳಿಸಿದೆ: ತೋಟದಲ್ಲಿ 26 ಸಿಲ್ವರ್ ಓಕ್, 10 ಹಲಸಿನ ಮರಗಳಿವೆ, ತೋಟದ ಲೆಕ್ಕ ಬರೆಯುವ ರೈಟರ್ ವಯಸ್ಸೆಷ್ಟು? ಎಂಟನೇ ತರಗತಿಯಲ್ಲಿ 36 ಎಂಬ ಉತ್ತರಗಳು ಧಾರಾಳವಾಗಿ ಬಂದವು. ಒಬ್ಬ 260 ಎಂದು ಗುಣಿಸಿ, ಅಷ್ಟು ವಯಸ್ಸಾಗಲಿಕ್ಕಿಲ್ಲ ಎಂದು ತಾನೇ ಹೊಡೆದುಹಾಕಿ, 16 ಎಂದು ಕಳೆದಿದ್ದ. ನನಗೆ ಅವನೇ ಹೆಚ್ಚು ಮೆಚ್ಚುಗೆಯಾದ. ಕಡೇಪಕ್ಷ ಬಂದ ಉತ್ತರವನ್ನು ತಿರುಗಿ ನೋಡುವ ಅಭ್ಯಾಸ ಅವನಲ್ಲಿತ್ತು.

ಇದೇ ಜಾತಿಯ, ಆದರೆ ಅರ್ಥವುಳ್ಳ ಒಂದು ತಪಾಸಣೆ ಕಾಚಂಪುಳಿಯದು, ಅಂದರೆ ಕೊಡಗಿನ ಅಡುಗೆಯ ಕಪ್ಪು ಹುಳಿರಸದ್ದು. ಅರಿಶಿನ ಸವರಿದ ಕಾಗದಕ್ಕೆ ಸೋಪಿನ ನೀರು ಹಾಕಿ ಕೆಂಪಾಗುವುದನ್ನು ತೋರಿಸಿ. ಆಮೇಲೆ ಇನ್ನೊಂದು ಹಳದಿ ಕಾಗದಕ್ಕೆ ಚೆನ್ನಾಗಿ ನೀರು ಬೆರೆಸಿದ ಕಾಚಂಪುಳಿ ಹಾಕಿದರೆ ಯಾವ ಬಣ್ಣ ಬರುತ್ತದೆ ಎಂದು ಬರೆಯಿಸಿ. ಹಸಿರು, ನೀಲಿ, ಕಡುಗೆಂಪು, ಎಲ್ಲ ಬರುತ್ತದೆ. ಅದು ಆಮ್ಲ, ಅರಿಶಿನ ಹಳದಿಯಾಗಿಯೇ ಉಳಿಯುತ್ತದೆ. ಮೇಷ್ಟ್ರು ಕೇಳಿದ್ದಾರೆ ಎಂದ ಮೇಲೆ ಏನಾದರೂ ಆಗಲೇಬೇಕು ಎಂಬ ನಂಬಿಕೆ ಇಲ್ಲಿ ಸಿಕ್ಕಿಬೀಳುತ್ತದೆ. ಈ ಬಲೆಯಲ್ಲಿ ಅನ್ಯಾಯವಿಲ್ಲ, ಏಕೆಂದರೆ ತೀರ್ಪು ಹೇಳುವುದು ನಾನಲ್ಲ. ಎರಡು ಹನಿ ಹಾಕಿದರೆ ಕಾಗದವೇ ಹೇಳುತ್ತದೆ.

ಮುಖ ಓದುವ ಕುದುರೆ

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಕೂಡುವುದು ಕಳೆಯುವುದನ್ನು ಗೊರಸು ಬಡಿದು ಹೇಳುತ್ತಿತ್ತು. ಯಜಮಾನ ವಿಲ್ಹೆಲ್ಮ್ ಫಾನ್ ಓಸ್ಟೆನ್ ಗಣಿತದ ಮೇಷ್ಟ್ರಾಗಿದ್ದವನು, ಮೋಸಗಾರನಲ್ಲ. 1907ರಲ್ಲಿ ಓಸ್ಕರ್ ಫುಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಪರೀಕ್ಷಿಸಿದಾಗ ಗುಟ್ಟು ಹೊರಬಂತು. ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ, ಅಥವಾ ಅವನು ಕಣ್ಣಿಗೆ ಕಾಣದಿದ್ದರೆ, ಕುದುರೆ ಸೋಲುತ್ತಿತ್ತು. ಬಡಿತ ಸರಿಯಾದ ಸಂಖ್ಯೆಗೆ ಬಂದಾಗ ಕೇಳುವವನ ತಲೆ ಅರಿವಿಲ್ಲದೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಅದನ್ನು ನೋಡಿ ಕುದುರೆ ನಿಲ್ಲಿಸುತ್ತಿತ್ತು.

ನಮ್ಮ ತರಗತಿಗಳಲ್ಲಿ ನಲವತ್ತು ಹಾನ್ಸ್‌ಗಳಿವೆ. "ಹೆಚ್ಚಾಗುತ್ತದೆ... ಸರ್... ಕಡಿಮೆಯಾಗುತ್ತದೆ" ಎಂದು ನನ್ನ ಹುಬ್ಬು ನೋಡಿ ಉತ್ತರ ತಿರುಗಿಸುವವರು. ಪತ್ತೆ ಮಾಡಲು ತರಗತಿಯ ಹಿಂದೆ, ಕಿಟಕಿಯ ಪಕ್ಕ ನಿಂತು ಕೇಳಿ. ಮಕ್ಕಳು ಕಪ್ಪುಹಲಗೆಯ ಕಡೆ ಮುಖ ಮಾಡಿರಲಿ. ಸರಿಯುತ್ತರಕ್ಕೂ ತಪ್ಪುತ್ತರಕ್ಕೂ ಒಂದೇ ದನಿಯಲ್ಲಿ "ಹೌದಾ? ಯಾಕೆ?" ಎನ್ನಿ. ಸರಿ ಹೇಳಿದವರೂ ತಕ್ಷಣ ಬದಲಿಸಿದರೆ ದೋಷ ನಿಮ್ಮ ಮುಖದಲ್ಲಿದೆ. ಇಷ್ಟು ದಿನ ನೀವು "ಹೌದಾ?" ಎಂದದ್ದು ತಪ್ಪು ಉತ್ತರಕ್ಕೆ ಮಾತ್ರ.

ಜೊತೆಗೆ ಕಾಯುವುದನ್ನೂ ನೋಡಿಕೊಳ್ಳಿ. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರುಗಳು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, "ಗೊತ್ತಿಲ್ಲ" ಕಡಿಮೆಯಾಗುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಹಂಚಿನ ಮೇಲೆ ಮಳೆ ಬಡಿಯುವ ಆಷಾಢದಲ್ಲಿ ನಾನು ಐದು ಎಣಿಸುತ್ತೇನೆ. ಮೊದಲ ಎರಡು ಸೆಕೆಂಡು ಪ್ರಶ್ನೆ ಹಿಂದಿನ ಬೆಂಚಿಗೆ ಕೇಳಿಸಲಿಕ್ಕೇ ಬೇಕು.

ಸರಿಹೊಂದಿಬಿಡುವ ಊಹೆ

ಪತ್ತೆಗೆ ಅತಿ ಕಷ್ಟದ ದೋಷ ಇದು, ಕೊಡಗಿನಲ್ಲಿ ಇನ್ನೂ ಕಷ್ಟ. ಬೇಸಿಗೆ ಏಕೆ ಬರುತ್ತದೆ? "ಭೂಮಿ ಸೂರ್ಯನ ಹತ್ತಿರ ಹೋಗುತ್ತದೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಭೂಮಿ ಸೂರ್ಯನಿಂದ ಅತಿ ದೂರ, ಸುಮಾರು 15.2 ಕೋಟಿ ಕಿಲೋಮೀಟರು, ಇರುವುದು ಜುಲೈ ಮೊದಲ ವಾರದಲ್ಲಿ. ಉತ್ತರ ಭಾರತದ ಮೇಷ್ಟ್ರು "ಹಾಗಾದರೆ ಜುಲೈಯಲ್ಲಿ ಸೆಕೆ ಏಕೆ?" ಎಂದು ಕೇಳಿ ಮಗುವನ್ನು ಯೋಚನೆಗೆ ಹಚ್ಚಬಹುದು. ನಮ್ಮ ಮಡಿಕೇರಿಯಲ್ಲಿ ಜುಲೈ ಎಂದರೆ ಒಲೆಯ ಮುಂದೆ ಬಟ್ಟೆ ಒಣಗಿಸುವ ತಿಂಗಳು. "ನೋಡಿ ಸರ್, ದೂರ ಹೋಗಿದ್ದಕ್ಕೇ ಚಳಿ" ಎಂದು ಊಹೆಗೆ ಸಾಕ್ಷಿಯೇ ಸಿಕ್ಕಿಬಿಡುತ್ತದೆ!

ಇದಕ್ಕೆ ಎರಡು ತಪಾಸಣೆ ಹಾಕುತ್ತೇನೆ. ಒಂದು, ಜನವರಿಯ ಮೊದಲ ವಾರ. ಆಗ ಭೂಮಿ ಅತಿ ಹತ್ತಿರ, 14.7 ಕೋಟಿ ಕಿಲೋಮೀಟರು. ಆ ಬೆಳಗಿನಲ್ಲಿ ಸ್ವೆಟರಿಲ್ಲದೆ ಪ್ರಾರ್ಥನೆಗೆ ನಿಂತು ತೋರಿಸಿ ಎನ್ನುತ್ತೇನೆ. ಎರಡು, ಅಂಗಳದಲ್ಲಿ ನೆಟ್ಟ ಕೋಲು. ನಮ್ಮ ಅಕ್ಷಾಂಶದಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡು ಸಲ: ಏಪ್ರಿಲ್ 23ರ ಆಸುಪಾಸು ಮತ್ತು ಆಗಸ್ಟ್ 20ರ ಆಸುಪಾಸು. ಏಪ್ರಿಲಿನಲ್ಲಿ ನಡು ಮಧ್ಯಾಹ್ನ ಕೋಲಿನ ನೆರಳು ಬುಡದಲ್ಲೇ ಅಡಗುವುದನ್ನು ರಜೆಯಲ್ಲಿ ಮನೆಯಲ್ಲೇ ನೋಡಿ ಬರಲು ಹೇಳುತ್ತೇನೆ. ಆಗಸ್ಟಿನಲ್ಲಿ ಮೋಡ ಸರಿದರೆ ಶಾಲೆಯಲ್ಲೇ ನೋಡಬಹುದು, ಸರಿಯುವುದು ಅಪರೂಪ. ಸೂರ್ಯ ಅಷ್ಟೇ ನೆತ್ತಿಯ ಮೇಲಿದ್ದರೂ ಆಗಸ್ಟಿನಲ್ಲಿ ಸೆಕೆಯೇಕಿಲ್ಲ ಎಂಬ ಪ್ರಶ್ನೆಗೆ ಬಂದಾಗ, ಮೋಡವೆಂಬ ಉತ್ತರ ಮಕ್ಕಳ ತಲೆಯ ಮೇಲೆಯೇ ಸುರಿಯುತ್ತಿರುತ್ತದೆ.

ರಿಪೇರಿ

ಮತ್ತೆ ಸವೆದ ಕಾಗದಕ್ಕೆ ಬರುತ್ತೇನೆ. ಮರುದಿನ ನಾನು ಉತ್ತರ ಹೇಳಲಿಲ್ಲ. ಥರ್ಮಾಮೀಟರು 96 ತೋರಿಸಿತ್ತು, ಪುಸ್ತಕ 100 ಎನ್ನುತ್ತದೆ, ಯಾರನ್ನು ನಂಬೋಣ ಎಂದಷ್ಟೇ ಕೇಳಿದೆ. "ಥರ್ಮಾಮೀಟರ್ ಹಾಳಾಗಿದೆ ಸರ್" ಎಂದಳು ಒಬ್ಬಳು. ಒಳ್ಳೆಯ ಊಹೆ, ಪರೀಕ್ಷಿಸಬಹುದಾದ ಊಹೆ. ಮೀನಿನ ಅಂಗಡಿಯಿಂದ ಐಸ್ ತರಿಸಿ, ತೊಳೆದು ಪುಡಿ ಮಾಡಿ, ಕರಗುತ್ತಿರುವಾಗ ಥರ್ಮಾಮೀಟರು ಇಟ್ಟೆವು. ಸೊನ್ನೆ. ಐಸ್ ಕರಗುವ ಬಿಂದು ಬೆಟ್ಟ ಹತ್ತಿದರೂ ಹೆಚ್ಚುಕಡಿಮೆ ಕದಲುವುದಿಲ್ಲ.

ಅವಳು ಬಿಡಲಿಲ್ಲ. "ಕೆಳಗೆ ಸರಿಯಿದ್ದು ಮೇಲೆ ತಪ್ಪಿರಬಹುದಲ್ಲ?" ಇರಬಹುದು, ನನಗೇ ಹೊಳೆದಿರಲಿಲ್ಲ. ಮಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಿರುವ ಹುಡುಗನ ಕೈಯಲ್ಲಿ ಅದೇ ಥರ್ಮಾಮೀಟರನ್ನು ಬಟ್ಟೆ ಸುತ್ತಿ, ಸ್ಟೀಲ್ ಡಬ್ಬಿಗೆ ಹಾಕಿ, ಒಡೆದರೆ ಪಾದರಸ ಮುಟ್ಟಬೇಡ ಎಂದು ಮೂರು ಸಲ ಹೇಳಿ ಕಳುಹಿಸಿದೆ. (ಈಗ ಮಾಡುವವರು ಪಾದರಸದ ಬದಲು ಡಿಜಿಟಲ್ ಥರ್ಮಾಮೀಟರು ಕಳುಹಿಸಿ. ನಾನು ಮಾಡಿದ್ದು ಜಾಣತನವಲ್ಲ.) ಸೋಮವಾರ ಅವನು ತಂದ ಚೀಟಿಯಲ್ಲಿ ಹೀಗಿತ್ತು: "ಮಂಗಳೂರು, ಚಿಕ್ಕಮ್ಮನ ಅಡುಗೆಮನೆ, ಎರಡು ಸಲ ನೋಡಿದೆ, 99ಕ್ಕೂ 100ಕ್ಕೂ ನಡುವೆ." ಪುಸ್ತಕದ ಸಂಖ್ಯೆಯ ಅಷ್ಟು ಹತ್ತಿರ ಬಂದೂ 100 ಎಂದು ದುಂಡಗೆ ಬರೆದಿರಲಿಲ್ಲ.

ಅಂದಿನಿಂದ ಪ್ರಯೋಗದ ಪುಸ್ತಕದಲ್ಲಿ ಎರಡು ಕಾಲಂ ಹಾಕಿಸುತ್ತೇನೆ, ಮೊದಲನೆಯದು "ನನ್ನ ಊಹೆ", ಎರಡನೆಯದು "ಕಂಡದ್ದು". ಊಹೆಗೆ ಅಂಕವಿಲ್ಲ, ಕಳೆಯುವುದೂ ಇಲ್ಲ. ಎರಡೂ ಪೆನ್ನಿನಲ್ಲೇ ಬರೆಯಬೇಕು, ಪ್ರಯೋಗದ ದಿನ ರಬ್ಬರು ನನ್ನ ಮೇಜಿನ ಮೇಲಿರುತ್ತದೆ.

ಪರೀಕ್ಷೆಯ ದಿನಗಳಲ್ಲಿ ಈ ಯಂತ್ರ ನಿಲ್ಲುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನೀಟ್ ಪರೀಕ್ಷೆಯಲ್ಲಿ ಸರಿಗೆ 4, ತಪ್ಪಿಗೆ ಒಂದು ಕಡಿತ, ನಾಲ್ಕು ಆಯ್ಕೆ. ಕಣ್ಣುಮುಚ್ಚಿ ನಾಲ್ಕು ಪ್ರಶ್ನೆಗೆ ಗುರುತು ಹಾಕಿದರೆ ಸರಾಸರಿ ಒಂದು ಸರಿ, ಮೂರು ತಪ್ಪು: ನಾಲ್ಕರಲ್ಲಿ ಮೂರು ಹೋಗಿ ಒಂದು ಅಂಕ ಲಾಭ. ಸಿಇಟಿಯಲ್ಲಂತೂ ಕಡಿತವೇ ಇಲ್ಲ. ಊಹಿಸಬೇಡ ಎಂದು ಪಿಯುಸಿ ಮಕ್ಕಳಿಗೆ ಹೇಳಿದರೆ ಅವರ ಲೆಕ್ಕ ನನಗಿಂತ ಚೆನ್ನಾಗಿರುತ್ತದೆ. ಹತ್ತನೇ ತರಗತಿಯವರು ಕುದಿಬಿಂದುವಿನ ಪ್ರಶ್ನೆಗೆ 96 ಬರೆಯಲೋ 100 ಬರೆಯಲೋ ಎಂದು ಪ್ರತಿ ಮಾರ್ಚಿನಲ್ಲೂ ಕೇಳುತ್ತಾರೆ. "ಸಮುದ್ರ ಮಟ್ಟದ ಒತ್ತಡದಲ್ಲಿ 100" ಎಂದು ಬರೆಯಿರಿ ಎನ್ನುತ್ತೇನೆ. ಇದುವರೆಗೆ ಯಾರ ಅಂಕವೂ ಹೋಗಿಲ್ಲ.